ಮೊದಲು ತೂಕ, ಆಮೇಲೆ ಬ್ಲೇಡ್, ಕೊನೆಗೆ ಎಂಜಿನ್
ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಸೀಟಿನ ಗೈರೊಪ್ಲೇನ್ ಕಿಟ್

ಕಾಸರಗೋಡಿನ ಹಲವು ಊರುಗಳಿಂದಲೂ ಹೊಸೂರು, ಜತ್ತ, ಮಡಕಶಿರಾ ಕಡೆಯಿಂದಲೂ ಬಂದ ಪತ್ರಗಳಲ್ಲಿ ಈ ಸಲ ಗೈರೊಪ್ಲೇನಿನದೇ ಮಾತು. ಹೊಸಬರಿಗಾಗಿ ಇಷ್ಟು: ಇದು ಹೆಲಿಕಾಪ್ಟರ್ ಅಲ್ಲ. ಹಾರಾಟದಲ್ಲಿ ಮೇಲಿನ ರೋಟರನ್ನು ಎಂಜಿನ್ ತಿರುಗಿಸುವುದಿಲ್ಲ. ಹಿಂದಿನ ಪ್ರೊಪೆಲ್ಲರ್ ಯಂತ್ರವನ್ನು ಮುಂದಕ್ಕೆ ನೂಕುತ್ತದೆ, ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ಸುತ್ತಿಸುತ್ತದೆ. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಅವರ ಯಂತ್ರ 1923ರಲ್ಲಿ ಹೀಗೆ ಹಾರಿತು. ಮನೆಯಲ್ಲೇ ಜೋಡಿಸುವ ಒಂದೇ ಸೀಟಿನ ರೂಪವನ್ನು 1950ರ ದಶಕದಲ್ಲಿ ಅಮೆರಿಕದ ಇಗೋರ್ ಬೆನ್ಸನ್ ಬಳಕೆಗೆ ತಂದರು.

ಬದಿಯಡ್ಕದ ಓದುಗರು: ನನ್ನ ತೂಕ 82 ಕಿಲೋ. ಬ್ಲೇಡ್ 22 ಅಡಿಯದೋ, 23ರದೋ, 25ರದೋ? ಅಲ್ಯೂಮಿನಿಯಮ್ ಒಳ್ಳೆಯದೋ, ಫೈಬರ್ ಒಳ್ಳೆಯದೋ?

ಬ್ಲೇಡಿನ ಅಳತೆಯನ್ನು ನಿಮ್ಮೊಬ್ಬರ ತೂಕ ನೋಡಿ ಹೇಳಲಾಗದು, ಒಟ್ಟು ತೂಕ ಬೇಕು. ನೀವು 82, ಹೆಲ್ಮೆಟ್ಟು ಬಟ್ಟೆಬರೆ 4, 50 ಅಶ್ವಶಕ್ತಿಯ ಎಂಜಿನ್ ಸಹಿತ ಖಾಲಿ ಯಂತ್ರ ಸುಮಾರು 140, ಇಪ್ಪತ್ತು ಲೀಟರ್ ಪೆಟ್ರೋಲು 15: ಒಟ್ಟು 241 ಕಿಲೋ. ಇದನ್ನು ರೋಟರ್ ಸುತ್ತುವ ವೃತ್ತದ ವಿಸ್ತೀರ್ಣದಿಂದ ಭಾಗಿಸಿ. 22 ಅಡಿ ವ್ಯಾಸಕ್ಕೆ 35.3 ಚದರ ಮೀಟರ್, ಅಂದರೆ ಚದರ ಮೀಟರಿಗೆ 6.8 ಕಿಲೋ. 23 ಅಡಿಗೆ 6.2, 25 ಅಡಿಗೆ 5.3. ಈ ಬಗೆಯ ಯಂತ್ರಗಳಿಗೆ 5ರಿಂದ 8ರ ನಡುವೆ ಇದ್ದರೆ ನಡೆಯುತ್ತದೆ, ಹಾಗಾಗಿ ಮೂರೂ ಹಾರುತ್ತವೆ. ಆದರೆ ಹಾರುವ ಗುಣ ಬೇರೆ ಬೇರೆ.

25 ಅಡಿಯದು ಕಡಿಮೆ ಶಕ್ತಿಯಲ್ಲೂ ಎತ್ತುತ್ತದೆ, ಇಳಿಯುವಾಗ ತೇಲಿಸುತ್ತದೆ. ಆದರೆ ನಿಧಾನ ಸುತ್ತುತ್ತದೆ, ವೇಗ ಪಡೆಯಲು ಹೊತ್ತು ತೆಗೆದುಕೊಳ್ಳುತ್ತದೆ, ಗಾಳಿಯ ಹೊಡೆತಕ್ಕೆ ಬೇಗ ಎದ್ದುಬಿಡುತ್ತದೆ. 22 ಅಡಿಯದು ಚುರುಕು, ಆದರೆ ಓಟ ಉದ್ದ, ಎಂಜಿನಿಗೂ ಹೆಚ್ಚು ಕೆಲಸ. ನಿಮ್ಮ ಲೆಕ್ಕಕ್ಕೆ ನಾವು ಹೇಳುವುದು 23 ಅಡಿ, 7 ಇಂಚು ಅಗಲ. ಈ ಭಾರಕ್ಕೆ ರೋಟರ್ ನಿಮಿಷಕ್ಕೆ ಸುಮಾರು 330ರಿಂದ 380 ಸುತ್ತು ಸುತ್ತುತ್ತದೆ. 340 ಸುತ್ತಿನಲ್ಲಿ ತುದಿಯ ವೇಗ ಸೆಕೆಂಡಿಗೆ 125 ಮೀಟರ್. ಹೇಳಿದ ಅಡಿ ಹಬ್ ಬಾರನ್ನೂ (ಎರಡು ಬ್ಲೇಡುಗಳನ್ನು ನಡುವೆ ಜೋಡಿಸುವ ಪಟ್ಟಿ) ಸೇರಿಸಿದ ಒಟ್ಟು ವ್ಯಾಸವೇ, ಇಲ್ಲವೇ ಎಂದು ಮಾರುವವರಲ್ಲಿ ಕೇಳಿಕೊಳ್ಳಿ. ಅಲ್ಲೇ ಬಹಳ ಜನ ಎಡವುತ್ತಾರೆ.

ವಸ್ತುವಿನ ವಿಷಯ: ಅಲ್ಯೂಮಿನಿಯಮ್ ಬ್ಲೇಡ್ ಹಗುರ, ಬೇಗ ಸುತ್ತಿನ ವೇಗಕ್ಕೆ ಬರುತ್ತದೆ. ಫೈಬರಿನದು ಸಾಮಾನ್ಯವಾಗಿ ಭಾರ. ಸುತ್ತಿಗೆ ತರುವುದು ಕಷ್ಟ, ಬಂದ ಮೇಲೆ ಇಳಿಯುವ ಕೊನೆಯ ಗಳಿಗೆಯಲ್ಲಿ ಕೈಯಲ್ಲಿ ಹೆಚ್ಚು ಶಕ್ತಿ ಇರುತ್ತದೆ. ಮರದ ಬ್ಲೇಡ್ ನಮ್ಮ ಕರಾವಳಿಗೆ ಬೇಡ. ಎರಡು ಬ್ಲೇಡುಗಳು ತೇವವನ್ನು ಸಮನಾಗಿ ಹೀರುವುದಿಲ್ಲ, ಇಂದು ಹೊಂದಿಸಿದ ಸಮತೂಕ ಆಟಿಯ ಮಳೆಯಲ್ಲಿ ಉಳಿಯದು. ಅಲ್ಯೂಮಿನಿಯಮಿಗೂ ಇಲ್ಲಿ ಉಪ್ಪುಗಾಳಿಯ ಕಾಟ ಇದೆ. ಹಾರಿದ ದಿನವೇ ಸಿಹಿನೀರಿನಲ್ಲಿ ಒರೆಸಿ, ಅಂಚಿಗೆ ಅಂಟಿಸಿದ ಟೇಪನ್ನು ಆಗಾಗ ಕಿತ್ತು ಅಡಿಯಲ್ಲಿ ಬಿಳಿಪುಡಿ ಎದ್ದಿದೆಯೇ ನೋಡಿ.

ಬ್ಲೇಡ್ ಒಬ್ಬರದು, ಹಬ್ ಬಾರ್ ಇನ್ನೊಬ್ಬರದು ಎಂದು ಮಾತ್ರ ಮಾಡಬೇಡಿ. ಎರಡು ಬ್ಲೇಡಿನ ರೋಟರ್ ನಡುವಿನ ಟೀಟರ್ ಬೋಲ್ಟಿನ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುತ್ತದೆ. ಭಾರ ಬಿದ್ದಾಗ ಬ್ಲೇಡುಗಳು ತುಸು ಮೇಲಕ್ಕೆ ಬಾಗುತ್ತವೆ, ಅವುಗಳ ಗುರುತ್ವ ಕೇಂದ್ರವೂ ಮೇಲೇರುತ್ತದೆ. ಬೋಲ್ಟು ಆ ಮಟ್ಟದಲ್ಲೇ ಇರುವಂತೆ ತಯಾರಕರು ಹಬ್ ಬಾರನ್ನು ಅಷ್ಟು ಕೆಳಗೆ ತೂಗುಹಾಕಿರುತ್ತಾರೆ. ಬೇರೆ ಬ್ಲೇಡ್ ಹಾಕಿದರೆ ಆ ಅಳತೆ ತಪ್ಪುತ್ತದೆ. ಆಗ ಬರುವ ನಡುಕವನ್ನು ಯಾವ ಹೊಂದಾಣಿಕೆಯಿಂದಲೂ ತೆಗೆಯಲಾಗದು.

ಮಂಜೇಶ್ವರದ ಓದುಗರು: ಬಳಸಿದ ಅಲ್ಯೂಮಿನಿಯಮ್ ಬ್ಲೇಡ್ ಜೋಡಿ ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ?

ಹಾರಿದ ಗಂಟೆಗಳ ದಾಖಲೆ ಇಲ್ಲದಿದ್ದರೆ ಬೇಡ. ಯಂತ್ರ ಒಮ್ಮೆಯಾದರೂ ಮಗುಚಿದ್ದರೆ, ಬ್ಲೇಡ್ ನೆಲಕ್ಕೋ ಬಾಲಕ್ಕೋ ತಾಗಿದ್ದರೆ, ಹೊರಗೆ ಗುರುತಿಲ್ಲದಿದ್ದರೂ ಬೇಡ. ಇಷ್ಟು ಖಡಾಖಂಡಿತವಾಗಿ ಹೇಳಲು ಕಾರಣವಿದೆ. 10 ಕಿಲೋದ ಒಂದು ಬ್ಲೇಡ್ 340 ಸುತ್ತಿನಲ್ಲಿ ತನ್ನ ಬುಡದ ಬೋಲ್ಟುಗಳನ್ನು ಸುಮಾರು 2.4 ಟನ್ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೂ ಸಾಕು.

ದಾಖಲೆ ಸರಿಯಿದ್ದರೆ ಟೇಪು, ಸ್ಟಿಕ್ಕರು ಎಲ್ಲ ಕೀಳಿಸಿ ನೋಡಿ. ಬುಡದ ತೂತುಗಳು ದುಂಡಗಿವೆಯೇ, ಉದ್ದಕ್ಕೆ ಜಗ್ಗಿವೆಯೇ? ಬೋಲ್ಟು ಸಡಿಲವಾಗಿ ಕೂರುತ್ತಿದ್ದರೆ ಅಲ್ಲಿಗೇ ಬಿಡಿ. ರಿವೆಟ್ಟಿನ ಸುತ್ತ ಕಪ್ಪು ಪುಡಿ ಕಂಡರೆ ಆ ರಿವೆಟ್ ಅಲ್ಲಾಡುತ್ತಿದೆ ಎಂದರ್ಥ. ಅಂಟಿಸಿದ ಹಿಂಬದಿ ಅಂಚನ್ನು ನಾಣ್ಯದಿಂದ ಟಕ್ ಟಕ್ ಎಂದು ತಟ್ಟುತ್ತ ಹೋಗಿ, ದನಿ ಇದ್ದಕ್ಕಿದ್ದಂತೆ ಮಂದವಾದರೆ ಅಲ್ಲಿ ಅಂಟು ಬಿಟ್ಟಿದೆ. ಬುಡದ ಭಾಗಕ್ಕೆ ಬಿರುಕು ತೋರಿಸುವ ಕೆಂಪು ಬಣ್ಣದ ಡೈ ಪೆನೆಟ್ರೆಂಟ್ ಹಾಕಿಸಿ. ಬಳಿಕ ಎರಡನ್ನೂ ಪಕ್ಕಪಕ್ಕ ಇಟ್ಟು ಬುಡ, ನಡು, ತುದಿಗಳಲ್ಲಿ ಡಿಜಿಟಲ್ ಲೆವೆಲ್ಲಿನಿಂದ ಕೋನ ಅಳೆಯಿರಿ. ಒಂದು ತಿರುಚಿದ್ದರೆ ಗೊತ್ತಾಗುತ್ತದೆ. ಯಾರಾದರೂ ಹೊಸದಾಗಿ ತೂತು ಕೊರೆದಿದ್ದರೆ ಅದು ಗುಜರಿಗೆ.

ಹೊಸೂರಿನ ಓದುಗರು: ರೋಟ್ಯಾಕ್ಸ್ 503 ಸಾಕೇ, 582 ಬೇಕೇ? ನಾನು 95 ಕಿಲೋ. ದೊಡ್ಡ ಎಂಜಿನ್ ಹಾಕಿದರೆ ಸುರಕ್ಷಿತ ಎನ್ನುತ್ತಾರಲ್ಲ?

ಕೊನೆಯ ಮಾತಿಗೆ ಮೊದಲು ಉತ್ತರ: ದೊಡ್ಡ ಎಂಜಿನ್ ತಾನಾಗಿ ಸುರಕ್ಷೆ ತರುವುದಿಲ್ಲ, ಎತ್ತರದಲ್ಲಿ ಕೂರಿಸಿದರೆ ಅಪಾಯವನ್ನೇ ತರುತ್ತದೆ.

503 ಗಾಳಿಯಿಂದ ತಣಿಯುವ, ಸುಮಾರು 497 ಸಿಸಿಯ, 50 ಅಶ್ವಶಕ್ತಿಯ ಎರಡು ಸ್ಟ್ರೋಕ್ ಎಂಜಿನ್. 582 ನೀರಿನಿಂದ ತಣಿಯುವುದು, 65 ಅಶ್ವಶಕ್ತಿ. ಎರಡೂ ಆ ಶಕ್ತಿ ಕೊಡುವುದು 6,500 ಸುತ್ತಿನ ಹತ್ತಿರ. ಕಾಸರಗೋಡಿನ ಸಮುದ್ರಮಟ್ಟದಲ್ಲಿ 34 ಡಿಗ್ರಿ ಸೆಕೆಯಿದ್ದರೆ ಯಂತ್ರಕ್ಕೆ ಸುಮಾರು 700 ಮೀಟರ್ ಎತ್ತರದ ಗಾಳಿಯಲ್ಲಿ ಇದ್ದ ಹಾಗೆ. ನಿಮ್ಮ ಹೊಸೂರು ಮೊದಲೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿಯೆಂದರೆ 1,650 ಮೀಟರಿಗೆ ಸಮ. ಗಾಳಿ ಸುಮಾರು ನೂರಕ್ಕೆ 15 ತೆಳುವಾಗುತ್ತದೆ, 50 ಅಶ್ವಶಕ್ತಿ 42ರ ಹತ್ತಿರಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ 85 ಕಿಲೋದವರಿಗೆ 503 ಸಾಕು. ಹೊಸೂರಿನಲ್ಲಿ 95 ಕಿಲೋದ ನಿಮಗೆ 582 ಸರಿ. 80 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನ 912 ನಂಬಿಕಸ್ಥ ಎಂಜಿನ್ನೇ, ಆದರೆ ಹಗುರ ಚೌಕಟ್ಟಿಗೆ ಅದರ ತೂಕ ಹೊರೆಯಾಗುತ್ತದೆ.

ಗೇರ್ ಅನುಪಾತ ಪ್ರೊಪೆಲ್ಲರಿಗೆ ತಕ್ಕಂತಿರಲಿ. 503ಕ್ಕೆ 2.58ರ ಗೇರ್ ಹಾಕಿದರೆ ಪ್ರೊಪೆಲ್ಲರ್ 2,520 ಸುತ್ತು. 60 ಇಂಚಿನದಾದರೆ ತುದಿವೇಗ ಸೆಕೆಂಡಿಗೆ 200 ಮೀಟರ್. ಅದೇ ಪ್ರೊಪೆಲ್ಲರಿಗೆ 2.00ರ ಗೇರ್ ಹಾಕಿದರೆ ತುದಿವೇಗ 260 ಆಗುತ್ತದೆ: ಗದ್ದಲ ಹೆಚ್ಚು, ನೂಕುಬಲ ಕಡಿಮೆ. ದೊಡ್ಡ ಪ್ರೊಪೆಲ್ಲರ್ ನಿಧಾನ ಸುತ್ತಿದರೇ ಗೈರೊಪ್ಲೇನ್ ಹಾರುವ ವೇಗಕ್ಕೆ ಲಾಭ. ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟಾಗ 6,200ರ ಆಸುಪಾಸು ಬರುವಂತೆ ಪ್ರೊಪೆಲ್ಲರ್ ಕೋನ ಇಡಿ. ಕೋನ ತೀರ ಕಡಿಮೆಯಾದರೆ ಎಂಜಿನ್ ಹಗುರವಾಗಿ ಓಡುತ್ತದೆ, ಅರ್ಧ ಥ್ರಾಟಲಿನಲ್ಲಿ ಹೊಗೆಯ ಉಷ್ಣತೆ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇನ್ನು ಮುಖ್ಯ ಮಾತು. ದೊಡ್ಡ ಪ್ರೊಪೆಲ್ಲರ್ ಕೆಳಗಿನ ಕೀಲ್‌ಗೆ (ಚೌಕಟ್ಟಿನ ಅಡಿಯ ಉದ್ದ ತೊಲೆ) ತಾಗದಿರಲೆಂದು ಎಂಜಿನನ್ನು ಮೇಲಕ್ಕೆತ್ತುತ್ತಾರೆ. ಆಗ ನೂಕುವ ಗೆರೆ ಯಂತ್ರದ ಗುರುತ್ವ ಕೇಂದ್ರಕ್ಕಿಂತ ಮೇಲೆ ಹೋಗುತ್ತದೆ. 130 ಕಿಲೋ ನೂಕುಬಲ 15 ಸೆಂಟಿಮೀಟರ್ ಮೇಲಿದ್ದರೆ ಮೂಗನ್ನು ಸದಾ ಕೆಳಕ್ಕೆ ಒತ್ತುವ ಶಕ್ತಿ ಅದು. ರೋಟರಿನ ಮೇಲೆ ಭಾರ ಇರುವವರೆಗೆ ತಿಳಿಯುವುದಿಲ್ಲ. ಪೈಲಟ್ ಸ್ಟಿಕ್ಕನ್ನು ಮುಂದಕ್ಕೆ ನೂಕಿದರೆ, ಇಲ್ಲವೇ ಗಾಳಿಯ ಹೊಡೆತಕ್ಕೆ ರೋಟರ್ ಹಗುರಾದರೆ, ಆ ಒತ್ತಡವೊಂದೇ ಉಳಿದು ಯಂತ್ರ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ಶುರುವಾದ ಮೇಲೆ ಅದನ್ನು ತಡೆಯಲಾಗದು. ಒಂದೇ ಸೀಟಿನ ಹಳೆಯ ವಿನ್ಯಾಸಗಳಲ್ಲಿ ಜೀವ ತೆಗೆದದ್ದು ಹೆಚ್ಚಾಗಿ ಇದೇ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ 2005ರಲ್ಲಿ ನೂಕುವ ಗೆರೆಗೂ ಗುರುತ್ವ ಕೇಂದ್ರಕ್ಕೂ ಇರುವ ಅಂತರಕ್ಕೆ 2 ಇಂಚಿನ ಮಿತಿ ಇಟ್ಟು, ಅದನ್ನು ಮೀರುವ ಯಂತ್ರಗಳ ಹಾರಾಟವನ್ನು ನಿರ್ಬಂಧಿಸಿತು.

ಅಂತರವನ್ನು ನೀವೇ ಅಳೆಯಬಹುದು. ಬ್ಲೇಡ್ ತೆಗೆದು, ನೀವು ಸೀಟಿನಲ್ಲಿ ಪಟ್ಟಿ ಬಿಗಿದು ಕುಳಿತು, ಅರ್ಧ ಟ್ಯಾಂಕ್ ಇಂಧನದೊಂದಿಗೆ ಯಂತ್ರವನ್ನು ಟೀಟರ್ ಬೋಲ್ಟಿನಿಂದ ಗಟ್ಟಿ ತೊಲೆಗೆ ಚೈನ್ ಬ್ಲಾಕಿನಲ್ಲಿ ತೂಗುಹಾಕಿಸಿ. ನೆಲದಿಂದ ಒಂದು ಗೇಣು ಎದ್ದರೆ ಸಾಕು. ಬೋಲ್ಟಿನಿಂದ ತೂಗುಗುಂಡು ಇಳಿಬಿಟ್ಟು ಮಾಸ್ಟಿನ (ರೋಟರನ್ನು ಹೊರುವ ಕಂಬ) ಪಕ್ಕ ಹಲಗೆಯ ಮೇಲೆ ಗೆರೆ ಎಳೆಸಿ. ನಂತರ ಮುಂದಿನ ಇನ್ನೊಂದು ಬಿಂದುವಿನಿಂದ ತೂಗುಹಾಕಿ ಮತ್ತೊಂದು ಗೆರೆ. ಎರಡೂ ಕೂಡುವ ಜಾಗವೇ ಗುರುತ್ವ ಕೇಂದ್ರ. ಪ್ರೊಪೆಲ್ಲರ್ ನಡುವಿನ ಗೆರೆ ಅಲ್ಲಿಂದ 5 ಸೆಂಟಿಮೀಟರಿಗಿಂತ ಮೇಲಿದ್ದರೆ ಎಂಜಿನ್ ಇಳಿಸಿ, ಇಲ್ಲವೇ ಸೀಟು, ಟ್ಯಾಂಕ್ ಎತ್ತರಿಸಿ. ಬಾಲದಲ್ಲಿ ಅಡ್ಡ ಸ್ಟೆಬಿಲೈಸರ್ ಇಲ್ಲದ ಕಿಟ್ ಕೊಳ್ಳಲೇಬೇಡಿ.

ಜತ್ತದ ಓದುಗರು: ಮಾರುತಿ 800ರ ಎಂಜಿನ್ ಹಾಕಬಹುದಲ್ಲವೇ?

796 ಸಿಸಿ, ಸುಮಾರು 37 ಅಶ್ವಶಕ್ತಿ. ಅದೂ ರೇಡಿಯೇಟರ್, ಸುತ್ತು ಇಳಿಸುವ ಗೇರ್ ಸೇರಿದ ಮೇಲೆ 503ಕ್ಕಿಂತ ಎಷ್ಟೋ ಭಾರ. ಕಾರು ರಸ್ತೆಯಲ್ಲಿ ಎಂಜಿನಿನ ಸಣ್ಣ ಪಾಲನ್ನಷ್ಟೇ ಬಳಸುತ್ತದೆ, ಗೈರೊಪ್ಲೇನ್ ಹಾರುವಷ್ಟು ಹೊತ್ತೂ ಮುಕ್ಕಾಲು ಪಾಲು ಕೇಳುತ್ತದೆ. ಬೇಡ.

ಮಡಕಶಿರಾದ ಓದುಗರು: ರೋಟರ್ ಸುತ್ತುವಾಗ ಸ್ಟಿಕ್ ಕೈಯಲ್ಲಿ ನಡುಗುತ್ತದೆ. ಏನು ಮಾಡಲಿ?

ರೋಟರಿನ ಒಂದು ಸುತ್ತಿಗೆ ನಡುಕ ಒಂದು ಸಲವೋ ಎರಡು ಸಲವೋ ನೋಡಿ. ಒಂದು ಸಲವಾದರೆ ಸಮತೂಕ ಅಥವಾ ಟ್ರ್ಯಾಕ್ (ಎರಡೂ ಬ್ಲೇಡಿನ ತುದಿ ಒಂದೇ ಮಟ್ಟದಲ್ಲಿ ಸುತ್ತುವುದು) ತಪ್ಪಿದೆ, ಅದು ಸರಿಯಾಗುತ್ತದೆ. ಎರಡು ಸಲವಾದರೆ ಮೇಲೆ ಹೇಳಿದ ಟೀಟರ್ ಎತ್ತರವನ್ನೂ ಮಾಸ್ಟಿನ ಬಿಗಿತವನ್ನೂ ತಯಾರಕರ ಅಳತೆಯೊಂದಿಗೆ ಹೋಲಿಸಿ.

ಒಂದು ಸಲದ ನಡುಕಕ್ಕೆ ಈ ಕ್ರಮ ತಪ್ಪಿಸಬೇಡಿ. ಮೊದಲು ಗಾಳದ ನೈಲಾನ್ ದಾರವನ್ನು ತುದಿಯಿಂದ ತುದಿಗೆ, ಎರಡೂ ಬ್ಲೇಡಿನ ಒಂದೇ ಗುರುತಿನ ಮೇಲೆ ಎಳೆದು ಕಟ್ಟಿ. ದಾರ ಟೀಟರ್ ಬೋಲ್ಟಿನ ನಟ್ಟನಡುವೆ ಹಾಯಬೇಕು. ಒಂದೆರಡು ಮಿಲಿಮೀಟರ್ ಸರಿದಿದ್ದರೂ ಬ್ಲೇಡುಗಳು ನೇರ ರೇಖೆಯಲ್ಲಿಲ್ಲ. ಆಮೇಲೆ ಫ್ಯಾನು ನಿಲ್ಲಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಉದ್ದದ ಸಮತೂಕ ನೋಡಿ: ರೋಟರ್ ಟೀಟರ್ ಬೋಲ್ಟಿನ ಮೇಲೆ ತಕ್ಕಡಿಯಂತೆ ಮಟ್ಟವಾಗಿ ನಿಲ್ಲಬೇಕು. ತುದಿಯಲ್ಲಿ 10 ಗ್ರಾಮ್ ಹೆಚ್ಚಿದ್ದರೆ 340 ಸುತ್ತಿನಲ್ಲಿ ಅದು 4.5 ಕಿಲೋ ಬಲವಾಗಿ ಮಾಸ್ಟನ್ನು ಸುತ್ತಸುತ್ತ ಎಳೆಯುತ್ತದೆ. ಟ್ರ್ಯಾಕ್ ಕೊನೆಗೆ: ತುದಿಗಳಿಗೆ ಎರಡು ಬಣ್ಣದ ಟೇಪ್ ಹಚ್ಚಿ, ದೂರದಿಂದ ರೋಟರಿನ ಮಟ್ಟದಲ್ಲೇ ವಿಡಿಯೊ ಮಾಡಿಸಿ, ಯಾವುದು ಮೇಲೆ ಹೋಗುತ್ತದೆಂದು ನೋಡಿ. ಒಂದೇ ಬ್ಲೇಡಿನ ಕೋನವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ. ತಿರುಗುವ ರೋಟರಿನ ಹತ್ತಿರ ಯಾರನ್ನೂ ನಿಲ್ಲಿಸಬೇಡಿ.

ಚೀಮೇನಿಯ ಓದುಗರು: ಕೆಂಪುಕಲ್ಲಿನ ಪಾರೆಯಲ್ಲಿ ಓಡಿಸಬಹುದೇ? ಅನುಮತಿ ಬೇಕೇ?

ಬೇಕು. ಅಮೆರಿಕದಲ್ಲಿ 254 ಪೌಂಡಿಗಿಂತ ಹಗುರದ ಯಂತ್ರಕ್ಕೆ ಇರುವ ವಿನಾಯಿತಿ ನಮ್ಮ ದೇಶದಲ್ಲಿ ಇಲ್ಲ. ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನೋಂದಣಿ, ಹಾರಾಟದ ಅನುಮತಿ, ತರಬೇತಿ ಮೂರೂ ಬೇಕು. ನಿಮಗೆ ತೆಂಕಿಗೆ ಏಳಿಮಲೆಯ ನೌಕಾ ಅಕಾಡೆಮಿ, ಕಣ್ಣೂರು ವಿಮಾನ ನಿಲ್ದಾಣ, ಬಡಗಿಗೆ ಮಂಗಳೂರಿನದು ಇವೆ ಎಂಬುದೂ ನೆನಪಿರಲಿ. ಎಂಜಿನ್ ಕಿಟ್ಟಿಗೆ ಹಣ ಕಟ್ಟುವ ಮೊದಲೇ ಕಾಗದಪತ್ರ ಶುರುಮಾಡಿ.

ಪಾರೆಯ ಚಿಕ್ಕ ಕಲ್ಲುಗಳನ್ನು ಚಕ್ರಗಳು ಎಬ್ಬಿಸಿ ಹಿಂದಿನ ಪ್ರೊಪೆಲ್ಲರಿಗೆ ಎಸೆಯುತ್ತವೆ. ಚಕ್ರಕ್ಕೆ ಮಡ್‌ಗಾರ್ಡ್ ಹಾಕಿ, ಪ್ರೊಪೆಲ್ಲರಿನ ಅಂಚಿಗೆ ಲೋಹದ ಅಥವಾ ಪಾಲಿಯುರೆಥೇನ್ ರಕ್ಷಣೆ ಕೊಡಿ. ಉಬ್ಬುತಗ್ಗಿನ ನೆಲದಲ್ಲಿ ಇನ್ನೊಂದು ಅಪಾಯ: ರೋಟರ್ ಸಾಕಷ್ಟು ಸುತ್ತುವ ಮೊದಲೇ ವೇಗವಾಗಿ ಓಡಿಸಿದರೆ ಹಿಂದಕ್ಕೆ ಸರಿಯುವ ಬ್ಲೇಡಿಗೆ ಗಾಳಿ ಸಾಲದೆ ಅದು ಕುಸಿದು ಬಾಲಕ್ಕೋ ನೆಲಕ್ಕೋ ಬಡಿಯುತ್ತದೆ. ಪ್ರಿರೊಟೇಟರಿನಿಂದ (ಹಾರುವ ಮೊದಲು ನೆಲದಲ್ಲೇ ರೋಟರನ್ನು ತಿರುಗಿಸುವ ಸಾಧನ) 200 ಸುತ್ತಿನ ಹತ್ತಿರ ತಂದು, ಸ್ಟಿಕ್ ಪೂರ್ತಿ ಹಿಂದಿಟ್ಟು ನಿಧಾನ ಹೊರಡಿ. ಸುತ್ತು ಏರುತ್ತಿರುವಷ್ಟಕ್ಕೇ ಥ್ರಾಟಲ್ ಕೊಡಿ. ಸ್ಟಿಕ್ ಬಡಿಯಲು ಶುರುವಾದರೆ ಕೂಡಲೇ ಥ್ರಾಟಲ್ ಇಳಿಸಿ.

ಕುಂಬಳೆಯ ಓದುಗರು: ಅಡಿಕೆಗೆ ಮದ್ದು ಬಿಡುವ ಪಂಪಿಗೆ ಹಾಕುವ ಹಾಗೆಯೇ ಬಂಕಿನ ಪೆಟ್ರೋಲಿಗೆ ಎಣ್ಣೆ ಬೆರೆಸಿ 503ಕ್ಕೆ ಹಾಕಬಹುದೇ?

ಬೆರಕೆ ಲೆಕ್ಕ ಸುಲಭ: 50ಕ್ಕೆ 1, ಅಂದರೆ 20 ಲೀಟರಿಗೆ 400 ಮಿಲಿಲೀಟರ್ ಒಳ್ಳೆಯ ಎರಡು ಸ್ಟ್ರೋಕ್ ಎಣ್ಣೆ. ತೊಡಕು ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತದ್ದು. ಶುದ್ಧ ಪೆಟ್ರೋಲ್ ಒಂದು ಪಾಲು ಉರಿಯಲು 14.7 ಪಾಲು ಗಾಳಿ ಬೇಕು, ಈ ಬೆರಕೆಗೆ ಸುಮಾರು 13.5 ಸಾಕು. ಹಾಗಾಗಿ ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲಿ (ಇಂಧನ ಬಿಡುವ ಸಣ್ಣ ತೂತು) ಮಿಶ್ರಣ ತೆಳುವಾಗುತ್ತದೆ, ಎರಡು ಸ್ಟ್ರೋಕ್ ಎಂಜಿನಿಗೆ ತೆಳುವೆಂದರೆ ಬಿಸಿ. ಮದ್ದಿನ ಪಂಪು ನಿಂತರೆ ಮತ್ತೆ ಎಳೆದು ಚಾಲೂ ಮಾಡಬಹುದು. ತೆಂಗು, ಕಂಗಿನ ತೋಟಗಳ ಮೇಲೆ ಎಂಜಿನ್ ನಿಂತರೆ ರೋಟರ್ ಮೆಲ್ಲಗೆ ಇಳಿಸುತ್ತದೆ ನಿಜ, ಆದರೆ ಇಳಿಯಲು ಬಯಲೇ ಇಲ್ಲ.

ಮಳೆಗಾಲದಲ್ಲಿ ಇನ್ನೂ ಕೆಟ್ಟದ್ದು ಆಗುತ್ತದೆ. ಎಥೆನಾಲ್ ತೇವ ಹೀರುತ್ತದೆ, ಮಿತಿ ಮೀರಿದಾಗ ನೀರು ಎಥೆನಾಲ್ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಹೀರುವುದು ತಳದ್ದನ್ನು, ಅದರಲ್ಲಿ ಎಣ್ಣೆಯೇ ಇರುವುದಿಲ್ಲ.

ಪರೀಕ್ಷೆ ಮನೆಯಲ್ಲೇ ಮಾಡಿ. ಅಳತೆ ಗುರುತಿನ ಗಾಜಿನ ಕೊಳವೆಗೆ 10 ಮಿಲಿ ನೀರು, ಮೇಲೆ 100 ಮಿಲಿ ಎಣ್ಣೆ ಬೆರೆಸದ ಪೆಟ್ರೋಲ್ ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ, ಏರಿದಷ್ಟೂ ಇದೆ. ಹೀಗೆ ತೊಳೆದ ಪೆಟ್ರೋಲನ್ನು ಎಂಜಿನಿಗೆ ಹಾಕಬೇಡಿ, ಆಕ್ಟೇನ್ ಇಳಿದಿರುತ್ತದೆ. ಎಂಜಿನಿನ ಕೈಪಿಡಿ ಒಪ್ಪುವ ಇಂಧನವನ್ನಷ್ಟೇ ಬಳಸಿ. ಹಾರುವ ದಿನ ಬೆಳಗ್ಗೆಯೇ ಬೆರೆಸಿ, ಉಳಿದದ್ದನ್ನು ಸಂಜೆ ಮದ್ದಿನ ಪಂಪಿಗೆ ಸುರಿಯಿರಿ. ಇಂಧನ ಕೊಳವೆ, ಪ್ರೈಮರ್ ಬಲ್ಬನ್ನು ಪ್ರತಿ ವರ್ಷ ಬದಲಿಸಿ, ಹಿಚುಕಿದಾಗ ಗಡುಸೆನಿಸಿದರೆ ಅದಕ್ಕೂ ಮೊದಲೇ.