ಸೆಕೆಂಡ್ ಹ್ಯಾಂಡ್ ಲಕ್ಸುರಿ ವಾಚ್ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆ?

ವಾಚಿಗಿಂತ ಮೊದಲು ಮಾರುವವರನ್ನು ನೋಡಿ. ಬೆಲೆ ತೀರಾ ಕಡಿಮೆ, ಜೊತೆಗೆ 'ಇವತ್ತೇ ಹಣ ಹಾಕಿ' ಎಂಬ ಅವಸರ ಇದ್ದರೆ ಬಿಟ್ಟುಬಿಡಿ.

ಬಾಕ್ಸ್, ವಾರಂಟಿ ಕಾರ್ಡ್ ಇದೆ ಅಂತ ಸುಮ್ನೆ ನಂಬಬೇಡಿ, ಅವೂ ನಕಲಿ ಸಿಗುತ್ತವೆ. ಕಾರ್ಡಿನ ಸೀರಿಯಲ್ ನಂಬರ್ ವಾಚಿನದಕ್ಕೆ ಹೊಂದಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಅದು ಕೇಸಿನ, ಅಂದರೆ ವಾಚಿನ ಹೊರಕವಚದ, ಬದಿಯಲ್ಲಿ, ಚೈನು ಸೇರುವ ಜಾಗದಲ್ಲಿರುತ್ತದೆ. ಈಗಿನವುಗಳಲ್ಲಿ ಡಯಲ್ ಸುತ್ತಲಿನ ಒಳ ಅಂಚಿನಲ್ಲಿ. ಆದರೆ ನಂಬರನ್ನೂ ಕೆತ್ತಿಸಬಹುದು, ಅಲ್ವಾ? ಹಾಗಾಗಿ ಮಾರುವವರಿಗೆ ಸಂಬಂಧವಿಲ್ಲದ ರಿಪೇರಿಯವರಿಂದ ಹಿಂಬದಿ ಮುಚ್ಚಳ ತೆಗೆಸಿ ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರ, ನೋಡಿಸಿ. ಡಯಲನ್ನೂ ನೋಡಿಸಿ, ಕೇಸ್ ಅಸಲಿ, ಡಯಲ್ ಮಾತ್ರ ನಕಲಿ ಇರುವ ವಾಚುಗಳೂ ಯಾಮಾರಿಸುತ್ತವೆ. ಕಳವು ಮಾಲೇ ಎಂದು ತಿಳಿಯಲು ಕಳವಾದ ವಾಚುಗಳ ದಾಖಲೆ ಇಡುವ 'ದಿ ವಾಚ್ ರಿಜಿಸ್ಟರ್'ನಲ್ಲಿ ನಂಬರ್ ಹುಡುಕಿಸಬಹುದು.

ಹಣವನ್ನು ಎಸ್ಕ್ರೋ (ವಾಚ್ ನಿಮ್ಮ ಕೈ ಸೇರುವವರೆಗೆ ಹಣವನ್ನು ಮೂರನೆಯವರು ಇಟ್ಟುಕೊಳ್ಳುವ ವ್ಯವಸ್ಥೆ) ಮೂಲಕವೇ ಕೊಡಿ. ನೀವೇ ಮಾರುತ್ತಿದ್ದರೆ, ಪಾವತಿಯ ಸ್ಕ್ರೀನ್‌ಶಾಟ್ ನೋಡಿ ವಾಚ್ ಕಳಿಸಬೇಡಿ. ಹಣ ಖಾತೆಗೆ ಬಂದಿದೆಯೇ ಎಂದು ಬ್ಯಾಂಕಿನಲ್ಲೇ ಖಚಿತಪಡಿಸಿಕೊಳ್ಳಿ.