ಹಾಪ್ಕಿಡೋ ಎಂದರೇನು? ಆತ್ಮರಕ್ಷಣೆಗೆ ಅದು ಉಪಯೋಗಕ್ಕೆ ಬರುತ್ತದೆಯೇ?

ಕೊರಿಯಾ ಅಂದ ತಕ್ಷಣ ಟೇಕ್ವಾಂಡೋ ನೆನಪಾಗುತ್ತದೆ, ಅಲ್ವಾ? ಅದರಲ್ಲಿ ಒದೆತವೇ ಜಾಸ್ತಿ. ಹಾಪ್ಕಿಡೋ ಕೂಡ ಕೊರಿಯಾದ್ದೇ ಸಮರಕಲೆ. ಇದರಲ್ಲೂ ಒದೆತ, ಹೊಡೆತ ಇವೆ. ಆದರೆ ಎದುರಿನವನು ಮೈಮೇಲೆ ಬಂದು ಕೈಯನ್ನೋ ಕಾಲರನ್ನೋ ಹಿಡಿದಾಗ ಏನು ಮಾಡಬೇಕು ಅನ್ನೋದೇ ಇದರ ಜೀವಾಳ. ಕೀಲು ತಿರುಚುವುದು, ಕೆಡವುವುದು ಇಲ್ಲಿ ಮುಖ್ಯ.

ಯಾರೋ ನಿಮ್ಮ ಮಣಿಕಟ್ಟು ಹಿಡಿದರು ಅಂದುಕೊಳ್ಳಿ. ನಾವು ಸುಮ್ನೆ ಹಿಂದಕ್ಕೆ ಎಳೆಯುತ್ತೇವೆ. ಆಗ ಬಲ ಇದ್ದವನದೇ ಗೆಲುವು. ಹಾಪ್ಕಿಡೋ ಕಲಿತವರು ಬೆರಳುಗಳನ್ನು ಅಗಲಿಸಿ, ಒಂದು ಹೆಜ್ಜೆ ಮುಂದಿಟ್ಟು, ಮೊಣಕೈಯನ್ನು ಅವನ ಕಡೆಗೇ ಒಯ್ದು, ಅವನ ಹೆಬ್ಬೆರಳಿನ ಬದಿಯಿಂದ ಕೈ ಬಿಡಿಸಿಕೊಳ್ಳುತ್ತಾರೆ. ಹಿಡಿತದಲ್ಲಿ ಸಡಿಲ ಜಾಗ ಅದೊಂದೇ.

ಇದರ ಮೂಲ ಗುರು ಚೋಯ್ ಯೋಂಗ್-ಸುಲ್. ಜಪಾನಿನಲ್ಲಿ ಬೆಳೆದವರು. ಎರಡನೇ ಮಹಾಯುದ್ಧದ ನಂತರ ಕೊರಿಯಾಕ್ಕೆ ಮರಳಿ ದೇಗು ನಗರದಲ್ಲಿ ನೆಲೆಸಿದರು. ಅಲ್ಲಿನ ಮದ್ಯದ ಭಟ್ಟಿಯೊಂದರ ಹತ್ತಿರ ಮೇಲೆ ಬಿದ್ದವರನ್ನು ಇವರು ಸಲೀಸಾಗಿ ಕೆಡವಿದ್ದನ್ನು ಮಾಲೀಕರ ಮಗ ಸೋ ಬೊಕ್-ಸಾಪ್ ನೋಡಿ, ಮೊದಲ ಶಿಷ್ಯನಾದ ಎನ್ನುತ್ತಾರೆ. ಬಗೆಬಗೆಯ ಒದೆತಗಳು ಸೇರಿದ್ದು ಆಮೇಲೆ, ಚೋಯ್ ಅವರ ಶಿಷ್ಯ ಜಿ ಹಾನ್-ಜೆ ಕಾಲದಲ್ಲಿ. ಅಂದಹಾಗೆ, ಹಾಪ್ಕಿಡೋ ಹೆಸರನ್ನು ಬರೆಯುವ ಚೀನೀ ಅಕ್ಷರಗಳಲ್ಲೇ ಜಪಾನಿನ ಸಮರಕಲೆ ಐಕಿಡೋ ಹೆಸರನ್ನೂ ಬರೆಯುತ್ತಾರೆ.

ಉಪಯೋಗವೇ? ಹಿಡಿತ ಬಿಡಿಸಿಕೊಳ್ಳಲು ಖಂಡಿತ. ಆದರೆ ನಾಲ್ಕು ದಿನದಲ್ಲಿ ಬರುವ ವಿದ್ಯೆಯಲ್ಲ. ಶುರುವಿನಲ್ಲಿ ಪೆಟ್ಟಾಗದಂತೆ ಬೀಳುವುದನ್ನೇ ಕಲಿಯಬೇಕು. ಎದುರಿನವನ ಕೈಯಲ್ಲಿ ಚಾಕು ಇದ್ದರಂತೂ, ಓಡಲು ದಾರಿ ಇದ್ದಾಗ ಓಡಿಬಿಡಿ.