ತರಂಗಂಬಾಡಿಯಲ್ಲಿ ಡೇನರ ಕಾಲದ ಯಾವ ಕಟ್ಟಡಗಳು ಉಳಿದಿವೆ?

ತಂಜಾವೂರಿನ ಅರಸ ರಘುನಾಥ ನಾಯಕನೊಂದಿಗೆ ಒಪ್ಪಂದ ಮಾಡಿಕೊಂಡು ಡೇನರು, ಅಂದರೆ ಡೆನ್ಮಾರ್ಕಿನವರು, 1620ರಲ್ಲಿ ತಮಿಳುನಾಡಿನ ಕರಾವಳಿಯ ಈ ಊರಿನಲ್ಲಿ ನೆಲೆಯೂರಿದರು. 1845ರಲ್ಲಿ ಊರನ್ನು ಬ್ರಿಟಿಷರಿಗೆ ಮಾರಿ ಹೊರಟರು. ಆ ಕಾಲದ ಮುಖ್ಯ ಗುರುತು ಡಾನ್ಸ್‌ಬೋರ್ಗ್ ಕೋಟೆ. ಇದರ ಕೆಳ ಅಂತಸ್ತಿನಲ್ಲಿ ಕಮಾನು ಚಾವಣಿಯ ಉಗ್ರಾಣಗಳಿದ್ದರೆ, ಮೇಲಂತಸ್ತಿನಲ್ಲಿ ಅಧಿಕಾರಿಗಳು ವಾಸವಾಗಿದ್ದರು.

ಊರೊಳಗೆ ಬರುವವರನ್ನು 1792ರ ಬಿಳಿಯ ಹೆಬ್ಬಾಗಿಲು ಎದುರುಗೊಳ್ಳುತ್ತದೆ. ಅಲ್ಲಿಂದ ಸಮುದ್ರದತ್ತ ಸಾಗುವ ರಾಜಬೀದಿಯಲ್ಲಿ 1701ರ ಝಯಾನ್ ಚರ್ಚ್ ಮತ್ತು 1718ರ ನ್ಯೂ ಜೆರುಸಲೇಮ್ ಚರ್ಚ್ ಇವೆ. ಬೈಬಲಿನ ಹೊಸ ಒಡಂಬಡಿಕೆಯನ್ನು ತಮಿಳಿನಲ್ಲಿ ಅಚ್ಚು ಹಾಕಿಸಿದ ಪಾದ್ರಿ ಝೀಗನ್‌ಬಾಲ್ಗ್ ಅವರ ಸಮಾಧಿ ಎರಡನೆಯದರಲ್ಲಿದೆ.

ಆದರೆ ಕೋಟೆ, ಚರ್ಚುಗಳನ್ನಷ್ಟೇ ನೋಡಿ ಮರಳಿದರೆ ಊರಿನ ಅರ್ಧವನ್ನು ನೋಡದೆ ಬಂದಂತೆ ಎಂಬುದು ನನ್ನ ದೃಢ ಅಭಿಪ್ರಾಯ. ಮರದ ಕಂಬಗಳ ಮೇಲೆ ಇಳಿಜಾರು ಹೆಂಚಿನ ಮಾಡು, ಅದರ ನೆರಳಿನಲ್ಲಿ ದಾರಿಹೋಕರೂ ಕೂರಬಹುದಾದ ಜಗಲಿ ಇರುವ ತಮಿಳು ಮನೆಗಳೂ ಇದೇ ಪರಂಪರೆಗೆ ಸೇರಿದವು. 2004ರ ಸುನಾಮಿಯ ನಂತರ ಇಂಥ ಕೆಲವು ಮನೆಗಳನ್ನು ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ದುರಸ್ತಿ ಮಾಡಿಸಿತು.

ಇಂಥ ದುರಸ್ತಿಯಲ್ಲಿ ಸುಣ್ಣದ ಗಾರೆಯನ್ನೇ ಬಳಸುವುದಕ್ಕೆ ಕಾರಣವಿದೆ. ಉಪ್ಪುಗಾಳಿಗೆ ಇಟ್ಟಿಗೆ ಹೀರಿಕೊಂಡ ತೇವವನ್ನು ಸುಣ್ಣ ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ಹಿಡಿದಿಡುತ್ತದೆ. ಆಗ ಉಪ್ಪು ಹರಳುಗಟ್ಟಿ ಇಟ್ಟಿಗೆಯೇ ಪುಡಿಯಾಗುತ್ತದೆ. ಕೋಟೆಯ ಸಮೀಪದ, ಡೇನರಿಗಿಂತಲೂ ಹಳೆಯದಾದ 1306ರ ಮಾಸಿಲಾಮಣಿನಾಥರ್ ದೇವಾಲಯದ ಮುಂಭಾಗವನ್ನಂತೂ ಕಡಲೇ ಕೊಚ್ಚಿಕೊಂಡು ಹೋಗಿದೆ.